ಗಣೇಶನ ಪೆಂಡಾಲ್ ಹಾಕಿದ ಮೇಲೆ ರಸ್ತೆ ಯಾರದು?

ಮೂರನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಚೌತಿಗೆ ಇನ್ನೂ ಒಂದು ತಿಂಗಳಿದೆ. ಈಗಲೇ ಕೇಳಿದರೆ ಏನಾದರೂ ದಾರಿ ಸಿಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮದು ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆ, ಮೂವತ್ತು ಅಡಿ ರಸ್ತೆ. ಪ್ರತಿ ವರ್ಷ ಕ್ರಾಸಿನ ಮಧ್ಯಕ್ಕೇ ಪೆಂಡಾಲ್ ಹಾಕುತ್ತಾರೆ. ಈ ಚರಂಡಿಯಿಂದ ಆ ಚರಂಡಿವರೆಗೆ ಕಂಬ. ಸ್ಕೂಟರ್ ತೂರುವುದಕ್ಕೂ ಜಾಗ ಇರುವುದಿಲ್ಲ. ಹಬ್ಬಕ್ಕೆ ಮುಂಚೆಯೇ ರಸ್ತೆ ಮುಚ್ಚುತ್ತದೆ, ವಿಸರ್ಜನೆ ಆದ ಮೇಲೂ ಶಾಮಿಯಾನದವರು ಬಂದು ಬಿಚ್ಚುವವರೆಗೆ ಹಾಗೇ ಇರುತ್ತದೆ.

ನಮ್ಮಪ್ಪನಿಗೆ ದಿನ ಬಿಟ್ಟು ದಿನ ಡಯಾಲಿಸಿಸ್. ಹೋದ ವರ್ಷ ಆರ್ಕೆಸ್ಟ್ರಾ ನಡೆಯುತ್ತಿದ್ದ ರಾತ್ರಿ ಅವರಿಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಮೇನ್ ರೋಡಿನಲ್ಲೇ ನಿಂತಿತು. ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಜನರ ಮಧ್ಯೆ, ಸ್ಪೀಕರ್ ಪಕ್ಕದಲ್ಲೇ ಹೊತ್ತುಕೊಂಡು ಹೋದೆವು. ಎತ್ತಿದವರು ಯಾರು ಗೊತ್ತಾ? ಕಮಿಟಿ ಹುಡುಗರೇ. ನಾನು ಹೇಳುವ ಮೊದಲೇ ಓಡಿ ಬಂದರು. ಹಾಗಾಗಿ ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ರಸ್ತೆಯಲ್ಲಿ ಸ್ವಲ್ಪ ದಾರಿ ಬಿಡಿ ಅಂದರೆ "ವರ್ಷಕ್ಕೊಂದು ಸಲ ಅಡ್ಜಸ್ಟ್ ಮಾಡಿಕೊಳ್ಳಿ ಸಾರ್" ಅನ್ನುತ್ತಾರೆ.

ನನಗೂ ಗಣೇಶ ಬೇಕು. ಆರತಿ ಹೊತ್ತಿಗೆ ಇಡೀ ಕ್ರಾಸ್ ಸೇರುವುದು ಬೇಕು. ಹಬ್ಬದ ವಿರೋಧಿ ಅನ್ನಿಸಿಕೊಳ್ಳದೆ ಇದನ್ನು ಕೇಳುವುದು ಹೇಗೆ? ನಿಯಮ ಏನಿದೆ? ನಿಮ್ಮ ಬೀದಿಯಲ್ಲಿ ಹೇಗೆ ಮಾಡುತ್ತಾರೆ?

ಬೆಳ್ಳುಳ್ಳಿ ಒಗ್ಗರಣೆ:
ನಮ್ಮಲ್ಲೂ ಇದೇ ಕಥೆ. ಹಬ್ಬ ಬಂದರೆ ಕಾರನ್ನು ಮೂರು ಬೀದಿ ಆಚೆ ನಿಲ್ಲಿಸಬೇಕು.

ರಾಮಣ್ಣನ ಮಗ:
ಮೊದಲು ಅಪ್ಪ ಹೇಗಿದ್ದಾರೆ ಹೇಳಿ ಸಾರ್.

ಮೂರನೇ ಕ್ರಾಸ್:
ಈಗ ಪರವಾಗಿಲ್ಲ. ಕೇಳಿದ್ದಕ್ಕೆ ಥ್ಯಾಂಕ್ಸ್.

ಪರ್ಮಿಶನ್ ಪರಮೇಶಿ:
ನಿಯಮ ಕೇಳಿದ್ದೀರಿ, ಹೇಳುತ್ತೇನೆ. ರಸ್ತೆಯಲ್ಲಿ ಪೆಂಡಾಲ್ ಹಾಕಲು ಅನುಮತಿ ಬೇಕೇ ಬೇಕು. ಬೆಂಗಳೂರಿನಲ್ಲಿ ಹಬ್ಬಕ್ಕೆ ಮುಂಚೆ ಏಕಗವಾಕ್ಷಿ ಕೇಂದ್ರ ತೆರೆಯುತ್ತಾರೆ. ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕ ಎಲ್ಲರೂ ಒಂದೇ ಕಡೆ ಸಿಗಲಿ ಅಂತ. ಅನುಮತಿ ಪತ್ರದಲ್ಲಿ ಷರತ್ತುಗಳು ಇರುತ್ತವೆ. ತುರ್ತು ವಾಹನಕ್ಕೆ ದಾರಿ ಬಿಡಬೇಕು ಅನ್ನುವುದು ಅದರಲ್ಲಿ ಸಾಮಾನ್ಯ. ಕಮಿಟಿಯವರ ಹತ್ತಿರ ಆ ಪತ್ರದ ಒಂದು ಪ್ರತಿ ಕೇಳಿ. ಅದು ಬೀದಿಯವರೆಲ್ಲ ನೋಡಬಹುದಾದ ಕಾಗದ, ಗುಟ್ಟೇನಲ್ಲ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ನಿಮ್ಮದು ಯಾವ ಪಾಲಿಕೆ ಅಂತ ಮೊದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ಒಂದು ಆಫೀಸಿನಿಂದ ಇನ್ನೊಂದಕ್ಕೆ ಅಲೆಯುವುದೇ ಆಗುತ್ತದೆ.

ಧರ್ಮೋ ರಕ್ಷತಿ:
ಎಲ್ಲ ನಿಯಮವೂ ನಮ್ಮ ಹಬ್ಬಕ್ಕೇ ಯಾಕೆ? ಬೇರೆಯವರ ಮೈಕ್ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ವರ್ಷಕ್ಕೊಂದು ಸಲ ಬರುವ ಗಣಪನ ಮೇಲೆ ಎಲ್ಲರ ಕಣ್ಣು.

ಜಯನಗರದ ಸುಬ್ಬಿ:
ಅವರು ಹಬ್ಬ ನಿಲ್ಲಿಸಿ ಅಂದರಾ? ಆಂಬುಲೆನ್ಸಿಗೆ ದಾರಿ ಕೇಳಿದರು. ಸರಿಯಾಗಿ ಓದಿ.

ಪರ್ಮಿಶನ್ ಪರಮೇಶಿ:
ಶಬ್ದದ ನಿಯಮ ಎಲ್ಲರಿಗೂ ಒಂದೇ ರೀ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ಯಾವ ಧರ್ಮದ ಹೆಸರೂ ಇಲ್ಲ. ಗುಡಿ, ಮಸೀದಿ, ಚರ್ಚು, ರಾಜ್ಯೋತ್ಸವದ ಆರ್ಕೆಸ್ಟ್ರಾ, ಲೀಡರ್ ಬರ್ತ್‌ಡೇ, ಎಲ್ಲಕ್ಕೂ ಅನ್ವಯಿಸುತ್ತದೆ. ನಿಮ್ಮ ಬೀದಿಯಲ್ಲಿ ಯಾರದೇ ಮೈಕ್ ಜಾಸ್ತಿಯಾದರೂ 112ಕ್ಕೆ ಫೋನ್ ಮಾಡಿ.

ಸ್ಟೇಜ್ ಸೌಂಡ್:
ನಾನು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು. ಹಬ್ಬದ ದಿನ 11 ಗಂಟೆವರೆಗೆ ಮೈಕ್ ಹಾಕಬಹುದು ಅಂತ ರೂಲ್ಸ್ ಇದೆ. ಸುಮ್ನೆ ಹೆದರಿಸಬೇಡಿ.

ಪರ್ಮಿಶನ್ ಪರಮೇಶಿ:
ಹಾಗಿಲ್ಲ ಅಣ್ಣ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಅಂತ ರಾಜ್ಯ ಸರ್ಕಾರ ಕೆಲವು ದಿನ 12ರವರೆಗೆ ಸಡಿಲಿಕೆ ಕೊಡಬಹುದು. ಅದೂ ವರ್ಷಕ್ಕೆ 15 ದಿನ ಮೀರಬಾರದು. ಯಾವ ದಿನ ಅಂತ ಹೇಳಬೇಕಾದ್ದು ಸರ್ಕಾರ, ಗಲ್ಲಿ ಕಮಿಟಿ ಅಲ್ಲ. ಮನೆಗಳಿರುವ ಕಡೆ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ.

ಸ್ಟೇಜ್ ಸೌಂಡ್:
55 ಅಂದರೆ ನಾವಿಬ್ಬರು ಮಾತಾಡುವಷ್ಟು. ಅಷ್ಟರಲ್ಲಿ ಹರಿಕಥೆಯೂ ಕೇಳಿಸುವುದಿಲ್ಲ. ನಿಯಮ ಮಾಡುವವರು ಒಂದು ಸಲ ಸ್ಟೇಜ್ ಹತ್ತಿರ ನಿಲ್ಲಬೇಕು. ನನ್ನ ಕಷ್ಟವನ್ನೂ ಕೇಳಿ. ನಾನು ಎರಡು ಬಾಕ್ಸ್ ಸಾಕು ಅನ್ನುತ್ತೇನೆ. ಪಕ್ಕದ ಬೀದಿಯಲ್ಲಿ ಎಂಟು ಇದೆ, ನಮಗೆ ಹತ್ತು ಬೇಕು ಅನ್ನುತ್ತಾರೆ. ಕೊಡದಿದ್ದರೆ ಬೇರೆಯವರನ್ನು ಕರೆಸುತ್ತಾರೆ. ಪೊಲೀಸರು ಬಂದಾಗ ಮಾತ್ರ ಹಿಡಿಯುವುದು ನನ್ನ ಆಂಪ್ಲಿಫೈಯರ್, ಕಮಿಟಿಯವರದ್ದಲ್ಲ.

ಹುಬ್ಳಿ ಹುಡುಗ:
ನೋಡ್ರಿ, ಹಿಂಗೆ ಸಾಲಾಗಿ ಇಡುವ ದೊಡ್ಡ ಸೌಂಡ್ ಬಾಕ್ಸ್‌ಗಳಿಗೆ ನಮ್ಮ ಕಡೆ ಡಾಲ್ಬಿ ಅನ್ನುತ್ತಾರೆ. ಡಾಲ್ಬಿ ಬಂದ ಮೇಲೆ ಕಿಟಕಿ ಗಾಜು ನಡುಗುತ್ತವೆ, ಎದೆ ಒಳಗೆ ಗುದ್ದಿದಂಗೆ ಆಗುತ್ತದೆ. ಹುಬ್ಬಳ್ಳಿಯಲ್ಲಿ ಹನ್ನೊಂದನೇ ದಿನದ ಮೆರವಣಿಗೆ ರಾತ್ರಿ ಪೂರ್ತಿ ನಡೆದು ಬೆಳಗಿನ ತನಕ ಇರುತ್ತದೆ. ಹೊಸೂರು ಬಾವಿ, ಇಂದಿರಾ ಗಾಜಿನಮನೆ ಬಾವಿ ಹತ್ತಿರ ವಿಸರ್ಜನೆಗೆ ಸರದಿ ನಿಂತಿರುತ್ತದೆ. ಅದನ್ನು ನೋಡಲು ಹಳ್ಳಿಯಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಬರುತ್ತಾರೆ. ಅದು ಬೇಡ ಅಂತ ಹೇಳುವ ಮನಸ್ಸು ನನಗಿಲ್ಲ.

ಆದರೆ ಝಾಂಜ್ ಮೇಳ, ಡೊಳ್ಳು, ಜಗ್ಗಲಗಿ ಅನ್ನುವ ದೊಡ್ಡ ಚರ್ಮವಾದ್ಯ ಇರುವಾಗ ಡಾಲ್ಬಿ ಯಾಕೆ ಬೇಕ್ರಿ? ಜಗ್ಗಲಗಿ ಬಾರಿಸುವ ಕೈ ಸೋತರೆ ನಿಲ್ಲುತ್ತದೆ. ಬಾರಿಸುವವನಿಗೆ ದುಡ್ಡೂ ಸಿಗುತ್ತದೆ. ಡಾಲ್ಬಿ ಸೋಲುವುದೇ ಇಲ್ಲ.

ಜಯನಗರದ ಸುಬ್ಬಿ:
ಹುಬ್ಳಿ ಹುಡುಗರೇ, ಸರಿಯಾಗಿ ಹೇಳಿದಿರಿ. ಕೈ ಸೋಲುವುದು ಒಳ್ಳೆಯದು.

ಇತಿಹಾಸ ಮೇಷ್ಟ್ರು:
ತಿಲಕರು 1893ರಲ್ಲಿ ಪುಣೆಯಲ್ಲಿ ಮನೆಯ ಗಣಪನನ್ನು ಬೀದಿಗೆ ತಂದಿದ್ದೇ ಜನ ಒಂದು ಕಡೆ ಸೇರಲಿ ಅಂತ. ಭಾಷಣ, ಕೀರ್ತನೆ, ಮೇಳ ಇದ್ದವು. ಬೀದಿಯವರ ನಡುವೆ ಮಾತು ನಡೆಯಬೇಕು ಅನ್ನುವುದು ಉದ್ದೇಶ. ಈಗ ಹತ್ತು ಬಾಕ್ಸ್ ಹಾಕಿದ ಮೇಲೆ ಯಾರ ಮಾತು ಯಾರಿಗೆ ಕೇಳಿಸುತ್ತದೆ?

ಪುಣೇರಿ ಕನ್ನಡಿಗ:
ಮೇಷ್ಟ್ರೇ, ಒಂದು ತಿದ್ದುಪಡಿ. ಭಾವುಸಾಹೇಬ್ ರಂಗಾರಿ ಅವರು 1892ರಲ್ಲೇ ಸಾರ್ವಜನಿಕವಾಗಿ ಕೂರಿಸಿದ್ದರು ಅನ್ನುವ ವಾದ ಪುಣೆಯಲ್ಲಿ ಬಲವಾಗಿದೆ. ಇವತ್ತಿಗೂ ಅದರ ಮೇಲೆ ಜಗಳ ಇದೆ. ತಿಲಕರು ಅದನ್ನು ಊರೂರಿಗೆ ಹಬ್ಬಿಸಿದರು ಅಂತ ಹೇಳಿದರೆ ಯಾರದೂ ತಕರಾರಿಲ್ಲ.

ಇತಿಹಾಸ ಮೇಷ್ಟ್ರು:
ಒಪ್ಪಿದೆ. ಬೆಂಗಳೂರಿನಲ್ಲಿ ವಿದ್ಯಾರಣ್ಯ ಯುವಕ ಸಂಘದವರ ಗಣೇಶೋತ್ಸವ 1962ರಿಂದ ನಡೆಯುತ್ತಿದೆ. ದೊಡ್ಡ ದೊಡ್ಡ ಸಂಗೀತಗಾರರು ಹಾಡಿದ ವೇದಿಕೆ ಅದು. ನಡೆಯುವುದು ಬಸವನಗುಡಿಯ ಕಾಲೇಜು ಮೈದಾನದಲ್ಲಿ. ರಸ್ತೆ ಮುಚ್ಚದೆಯೂ ಸಾವಿರಾರು ಜನ ಸೇರಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಕಮಿಟಿ ಹುಡುಗ:
ಮೈದಾನ ಇದ್ದರೆ ನಾವೂ ಮೈದಾನದಲ್ಲೇ ಮಾಡುತ್ತೇವೆ ಮೇಷ್ಟ್ರೇ. ನಮ್ಮ ಏರಿಯಾದಲ್ಲಿ ಎಲ್ಲಿದೆ? ಇದ್ದ ಒಂದು ಖಾಲಿ ಸೈಟಿಗೆ ಬೇಲಿ ಬಿತ್ತು. ಪಾರ್ಕಿಗೆ ಬೀಗ. ಶಾಲೆಯವರು ಕಾಂಪೌಂಡ್ ಕೊಡುವುದಿಲ್ಲ. ಉಳಿದಿದ್ದು ರಸ್ತೆ ಒಂದೇ.

ನಾನು ಬೇರೆ ಏರಿಯಾದ ಕಮಿಟಿಯವನು, ಪ್ರಶ್ನೆ ಕೇಳಿದವರ ಬೀದಿಯವನಲ್ಲ. ಆದರೂ ನಮ್ಮ ಕಡೆಯ ಮಾತು ಹೇಳಲೇಬೇಕು. ಹಿಂದೆ ರಸೀದಿ ಪುಸ್ತಕ ಹಿಡಿದು ಮನೆ ಮನೆಗೆ ಹೋಗುತ್ತಿದ್ದೆವು. ಐವತ್ತು ಕೊಟ್ಟವರೂ ಇದ್ದರು, ಐನೂರು ಕೊಟ್ಟವರೂ ಇದ್ದರು. ಕೊಟ್ಟವರು ಬಂದು ಲೆಕ್ಕ ಕೇಳುತ್ತಿದ್ದರು. "ಏನೋ, ಪ್ರಸಾದಕ್ಕೆ ಉಪ್ಪೇ ಹಾಕಿಲ್ಲ" ಅಂತ ಬೈಯುತ್ತಿದ್ದರು. ಈಗ ಆ ಮನೆಗಳೆಲ್ಲ ಅಪಾರ್ಟ್‌ಮೆಂಟ್. ಸೆಕ್ಯುರಿಟಿಯವರು ಗೇಟಿನಲ್ಲೇ ತಡೆಯುತ್ತಾರೆ. "ಆ್ಯಪ್‌ನಲ್ಲಿ ಅಪ್ರೂವಲ್ ಇಲ್ಲ" ಅನ್ನುತ್ತಾರೆ. ಕ್ಯೂಆರ್ ಕೋಡ್ ಅಂಟಿಸಿ ಬಂದರೆ ಮಾರನೇ ದಿನ ಕಿತ್ತು ಹಾಕಿರುತ್ತಾರೆ.

ಮೂರ್ತಿ, ಶಾಮಿಯಾನ, ಪುರೋಹಿತರು, ಹೂವು, ಕರೆಂಟು, ಒಂದು ದಿನದ ಅನ್ನಸಂತರ್ಪಣೆ. ಇಷ್ಟಕ್ಕೂ ದುಡ್ಡು ಎಲ್ಲಿಂದ ಬರಬೇಕು? ಆಗ ಒಬ್ಬರು ಬರುತ್ತಾರೆ. "ಪೂರ್ತಿ ಖರ್ಚು ನನ್ನದು, ಫ್ಲೆಕ್ಸ್‌ನಲ್ಲಿ ನನ್ನ ಫೋಟೋ ಹಾಕಿ, ಒಂದು ಆರ್ಕೆಸ್ಟ್ರಾ ಇಡಿ" ಅನ್ನುತ್ತಾರೆ. ಬೇಡ ಅಂದರೆ ಹಬ್ಬವೇ ಇಲ್ಲ. ಗಲಾಟೆ ಜಾಸ್ತಿ ಅಂತ ಬೈಯುವ ಮನೆಗಳು ನೂರು ರೂಪಾಯಿ ಕೊಟ್ಟಿದ್ದರೆ ಆ ಫೋಟೋಕ್ಕೆ ಜಾಗವೇ ಇರುತ್ತಿರಲಿಲ್ಲ.

ಮೂರನೇ ಕ್ರಾಸ್:
ಇದು ನನಗೆ ಹೊಸ ವಿಷಯ. ನಮ್ಮ ಬೀದಿಯಲ್ಲೂ ಒಬ್ಬರ ಫೋಟೋ ಗಣಪನಿಗಿಂತ ದೊಡ್ಡದಾಗಿತ್ತು. ಯಾಕೆ ಅಂತ ಈಗ ಅರ್ಥ ಆಯಿತು.

ಫ್ಲೆಕ್ಸ್ ವಿರೋಧಿ:
ಅದಕ್ಕೆ ಇನ್ನೊಂದು ಕಾರಣ ಇದೆ. ಬೆಂಗಳೂರಿನ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲೇ ಇಲ್ಲ. ಒಂದೊಂದು ವಾರ್ಡಿನಲ್ಲಿ ಹತ್ತಾರು ಆಕಾಂಕ್ಷಿಗಳು. ಕೆಲಸ ಮಾಡಿ ತೋರಿಸಲು ಅಧಿಕಾರ ಇಲ್ಲ, ಮುಖ ತೋರಿಸಲು ಹಬ್ಬ ಇದೆ. ಯುಗಾದಿಗೆ ಶುಭಾಶಯ, ರಂಜಾನ್‌ಗೆ ಶುಭಾಶಯ, ವರಮಹಾಲಕ್ಷ್ಮಿಗೆ, ಚೌತಿಗೆ, ಆಯುಧಪೂಜೆಗೆ. ಕಂಬ ಅದೇ, ಮುಖವೂ ಅದೇ.

2018ರಲ್ಲಿ ಹೈಕೋರ್ಟ್ ಛೀಮಾರಿ ಹಾಕಿದಾಗ ಪಾಲಿಕೆಯವರು ರಾತ್ರೋರಾತ್ರಿ ನಗರದ ಫ್ಲೆಕ್ಸ್‌ಗಳನ್ನು ಕಿತ್ತು ಹಾಕಿದ್ದರು. ಎಷ್ಟು ಚೆನ್ನಾಗಿತ್ತು ಊರು! ಮರಗಳು ಕಾಣಿಸಿದವು. ಮನಸ್ಸು ಮಾಡಿದರೆ ಆಗುತ್ತದೆ ಅಂತ ಆಗ ಎಲ್ಲರೂ ಕಣ್ಣಾರೆ ಕಂಡೆವು.

ಧರ್ಮೋ ರಕ್ಷತಿ:
ಫ್ಲೆಕ್ಸ್ ವಿಷಯದಲ್ಲಿ ನನ್ನದೂ ಸಹಮತ. ದೇವರ ಪಕ್ಕ ಯಾರ ಮುಖವೂ ಬೇಡ.

ಅಪಾರ್ಟ್‌ಮೆಂಟ್ ಅಮ್ಮ:
ಕಮಿಟಿ ಹುಡುಗರಿಗೆ ಒಂದು ಮಾತು. ಎಲ್ಲ ತಪ್ಪನ್ನೂ ನಮ್ಮ ಮೇಲೆ ಹಾಕಬೇಡಿ. ನಾವು ಚಂದಾ ಕೊಡದೆ ಇರುವುದಕ್ಕೂ ಕಾರಣ ಇದೆ. ಒಂದೇ ಹಬ್ಬಕ್ಕೆ ನಾಲ್ಕು ಗುಂಪು ಬರುತ್ತದೆ. ಯಾರು ಯಾವ ಬೀದಿಯವರು ಅಂತ ಗೊತ್ತಾಗುವುದಿಲ್ಲ. ಇಷ್ಟೇ ಕೊಡಬೇಕು ಅಂತ ಬಾಗಿಲಲ್ಲಿ ನಿಂತು ವಾದ ಮಾಡುವವರೂ ಇದ್ದಾರೆ. ಗಂಡಸರಿಲ್ಲದ ಹೊತ್ತಿನಲ್ಲಿ ಆರು ಜನ ಬಾಗಿಲಿಗೆ ಬಂದರೆ ಹೆದರಿಕೆ ಆಗುವುದಿಲ್ಲವಾ? ಹೋದ ವರ್ಷದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಲಿ. ನಾನೇ ನಮ್ಮ ಬ್ಲಾಕಿನಲ್ಲಿ ಸಂಗ್ರಹಿಸಿ ಕೊಡುತ್ತೇನೆ.

ಕಮಿಟಿ ಹುಡುಗ:
ಅಮ್ಮಾ, ಲೆಕ್ಕ ಹಾಕುವುದು ಖಂಡಿತ ಆಗುವ ಮಾತು. ಬ್ಲಾಕಿನಿಂದ ಇಬ್ಬರು ಕಮಿಟಿಗೇ ಬರಲಿ ಅಂತ ನನ್ನ ಆಸೆ.

ಕುಡ್ಲದ ಕೋರಿರೊಟ್ಟಿ:
ನಮ್ಮ ಮಂಗಳೂರಿನಲ್ಲಿ ಬೀದಿಗೊಂದು ಗಣಪತಿ ಇಲ್ಲ ಮಾರಾಯ್ರೆ. ಊರಿಗೊಂದು, ಪೇಟೆಗೊಂದು ಸಾರ್ವಜನಿಕ ಗಣೇಶೋತ್ಸವ. ಸಭಾಭವನದಲ್ಲೋ ದೇವಸ್ಥಾನದ ಅಂಗಳದಲ್ಲೋ ಕೂರಿಸುತ್ತಾರೆ. ಭಜನೆ, ಯಕ್ಷಗಾನ, ಮಕ್ಕಳ ಸ್ಪರ್ಧೆ ಎಲ್ಲ ಒಂದೇ ಕಡೆ. ಮೆರವಣಿಗೆಯ ದಿನ ಮಾತ್ರ ರಸ್ತೆ ಬ್ಲಾಕ್. ಅದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ದಸರಾ ಸಮಯದಲ್ಲಿ ಹುಲಿವೇಷದ ತಾಸೆ ಪೆಟ್ಟು ಕೇಳಿದರೆ ನಾವೇ ಅಂಗಡಿ ಬಿಟ್ಟು ಹೊರಗೆ ಬರುತ್ತೇವೆ. ಹತ್ತು ಬೀದಿಯ ಹತ್ತು ಗಣಪತಿ ಸೇರಿಸಿ ಒಂದು ಮಾಡಿ. ದುಡ್ಡೂ ಉಳಿಯುತ್ತದೆ, ಜಾಗವೂ ಸಿಗುತ್ತದೆ.

ಕಮಿಟಿ ಹುಡುಗ:
ಹತ್ತು ಬೀದಿ ಸೇರಿದರೆ ಅಧ್ಯಕ್ಷ ಯಾರು ಅನ್ನುವುದಕ್ಕೇ ಹಬ್ಬ ಮುಗಿಯುತ್ತದೆ ಅಣ್ಣ.

ಗಾಡಿ 108:
ನಾನು ಆಂಬುಲೆನ್ಸ್ ಡ್ರೈವರ್. ಇಷ್ಟು ಹೊತ್ತು ಓದುತ್ತಿದ್ದೆ. ಒಂದೆರಡು ವಿಷಯ ಹೇಳಿಬಿಡುತ್ತೇನೆ, ಯಾರೂ ಇದನ್ನು ಯೋಚಿಸುವುದಿಲ್ಲ.

ದಾರಿ ಬಿಟ್ಟಿದ್ದೇವೆ ಅನ್ನುತ್ತಾರೆ. ಬಿಟ್ಟಿರುವುದು ಬೈಕಿಗೆ. ನಮ್ಮ ಗಾಡಿ ಕನ್ನಡಿ ಸೇರಿದರೆ ಹೆಚ್ಚು ಕಡಿಮೆ ಎಂಟು ಅಡಿ ಅಗಲ. ಹತ್ತು ಅಡಿ ಬಿಟ್ಟರೆ ಆರಾಮಾಗಿ ಹೋಗುತ್ತೇವೆ. ನಿಮ್ಮದು ಮೂವತ್ತು ಅಡಿ ರಸ್ತೆ ಅಂದಿರಿ. ಪೆಂಡಾಲ್ ಒಂದು ಬದಿಗೆ ಸರಿಸಿ ಹದಿನೆಂಟು ಅಡಿಗೆ ನಿಲ್ಲಿಸಿದರೂ ದಾರಿ ಸಿಗುತ್ತದೆ.

ಎರಡನೆಯದು ಎತ್ತರ. ಕ್ರಾಸಿನ ಬಾಯಲ್ಲಿ ಬಿದಿರಿನ ಕಮಾನು ಕಟ್ಟುತ್ತಾರೆ. ಅದಕ್ಕೆ ಮಾವಿನ ತೋರಣ, ಸೀರಿಯಲ್ ಸೆಟ್. ಎಲ್ಲ ಜೋತು ಬಿದ್ದಿರುತ್ತದೆ. ನಮ್ಮ ಗಾಡಿ ಮೇಲಿನ ಲೈಟಿಗೆ ವೈರ್ ಸಿಕ್ಕಿಕೊಂಡರೆ ಇಳಿದು ಬಿಡಿಸಬೇಕು. ರಾತ್ರಿ, ಕರೆಂಟ್ ಇರುವ ವೈರ್, ಕೆಲವು ಕಡೆ ಜಾಯಿಂಟಿಗೆ ಟೇಪ್ ಕೂಡ ಸುತ್ತಿರುವುದಿಲ್ಲ. ಹನ್ನೆರಡು ಅಡಿ ಮೇಲೆ ಕಟ್ಟಿ, ದಯವಿಟ್ಟು.

ಮೂರನೆಯದು, ಆ ಖಾಲಿ ಬಿಟ್ಟ ಹತ್ತು ಅಡಿಯಲ್ಲಿ ಬೈಕ್ ನಿಲ್ಲಿಸಬೇಡಿ. ಪೂಜೆಗೆ ಬಂದವರು ಅಲ್ಲೇ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ಲಾಕ್ ಮಾಡಿ ಹೋಗುತ್ತಾರೆ. ಗಾಡಿ ಯಾರದು ಅಂತ ಮೈಕಿನಲ್ಲಿ ಕೂಗುವಷ್ಟರಲ್ಲಿ ಒಳಗಿರುವವರ ಗತಿ ಏನು? ಇಬ್ಬರು ಹುಡುಗರನ್ನು ಅದಕ್ಕೇ ನಿಲ್ಲಿಸಿ.

ಮೂರನೇ ಕ್ರಾಸ್:
ಅಣ್ಣ, ಇದನ್ನು ಹಾಗೇ ಬರೆದುಕೊಂಡು ಮೀಟಿಂಗಿಗೆ ಹೋಗುತ್ತೇನೆ. ಅಡಿ ಲೆಕ್ಕದಲ್ಲಿ ಕೇಳಿದರೆ ಜಗಳ ಆಗುವುದಿಲ್ಲ.

ರಾಮಣ್ಣನ ಮಗ:
ಗಾಡಿ 108 ಅಣ್ಣನಿಗೆ ಕೈ ಮುಗಿದೆ.

ಹಾಸನದ ಹೈವೇ:
ರಸ್ತೆ ವಿಷಯ ಬಂತಲ್ಲ, ಇದನ್ನು ಹೇಳಲೇಬೇಕು. 2025ರ ಸೆಪ್ಟೆಂಬರ್ 12ರ ರಾತ್ರಿ ನಮ್ಮ ಮೊಸಳೆಹೊಸಹಳ್ಳಿಯಲ್ಲಿ ವಿಸರ್ಜನಾ ಮೆರವಣಿಗೆಗೆ ಲಾರಿ ನುಗ್ಗಿತು. ಸತ್ತವರಲ್ಲಿ ಕಾಲೇಜು ಓದುವ ಹುಡುಗರು ಇದ್ದರು. ಕುಣಿಯುತ್ತಿದ್ದ ಹುಡುಗರು. ಪೆಂಡಾಲ್ ಇರುವ ರಸ್ತೆಗೆ ಆಂಬುಲೆನ್ಸ್ ಬರುವುದು ಎಷ್ಟು ಮುಖ್ಯವೋ, ಮೆರವಣಿಗೆ ಇರುವ ರಸ್ತೆಗೆ ಲಾರಿ ಬರದೆ ಇರುವುದೂ ಅಷ್ಟೇ ಮುಖ್ಯ. ಹೈವೇ ಪಕ್ಕದ ಊರುಗಳಲ್ಲಿ ಮೆರವಣಿಗೆ ದಿನ ವಾಹನಗಳನ್ನು ಬೇರೆ ದಾರಿಗೆ ತಿರುಗಿಸಬೇಕು, ಬ್ಯಾರಿಕೇಡ್ ಹಾಕಬೇಕು. ಊರಿನವರು ಬರೆದುಕೊಟ್ಟು ಕೇಳಬೇಕು, ಪೊಲೀಸರು ಕೊಡಬೇಕು.

ಜಯನಗರದ ಸುಬ್ಬಿ:
ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ.

ಮಣ್ಣಿನ ಮೂರ್ತಿ:
ಪೆಂಡಾಲ್ ಬಗ್ಗೆ ಇಷ್ಟು ಮಾತು ಆಯಿತು, ಒಳಗೆ ಕೂರುವ ಮೂರ್ತಿ ಬಗ್ಗೆ ಯಾರೂ ಹೇಳಲಿಲ್ಲ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿಗೆ ನಮ್ಮ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ. ಆದರೂ ಪ್ರತಿ ವರ್ಷ ಲಾರಿಗಟ್ಟಲೆ ಬರುತ್ತದೆ.

ಯಾಕೆ ಬರುತ್ತದೆ ಅಂದರೆ, ಅಚ್ಚಿಗೆ ಸುರಿದರೆ ಬೇಗ ಗಟ್ಟಿಯಾಗುತ್ತದೆ, ಹಗುರ, ಸಾಗಿಸುವಾಗ ಒಡೆಯುವುದು ಕಡಿಮೆ. ನಾವು ಕೆರೆ ಮಣ್ಣು ತಂದು, ಕಲ್ಲು ಕಡ್ಡಿ ಆರಿಸಿ, ನೆನೆಹಾಕಿ, ತುಳಿದು, ಹದ ಮಾಡಬೇಕು. ನೆರಳಲ್ಲೇ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಹೊಟ್ಟೆಯ ಮೇಲೆ ಸಣ್ಣ ಬಿರುಕು ಬೀಳುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಸವರಿ ಮತ್ತೆ ಮುಚ್ಚಬೇಕು. ಆಷಾಢದ ಮಳೆ ಹಿಡಿದರೆ ಒಣಗುವುದೇ ಇಲ್ಲ. ಅಷ್ಟು ಕೆಲಸ ಮಾಡಿ ಬೆಲೆ ಹೇಳಿದರೆ, ಪಕ್ಕದವನು ಅರ್ಧಕ್ಕೆ ಕೊಡುತ್ತಾನಲ್ಲ ಅನ್ನುತ್ತಾರೆ. ಒಂದು ಸಲ ಬಕೆಟ್ ನೀರಿನಲ್ಲಿ ಎರಡನ್ನೂ ಇಟ್ಟು ನೋಡಿ. ಮಣ್ಣು ಕರಗಿ ತಳಕ್ಕೆ ಕೂರುತ್ತದೆ. ಇನ್ನೊಂದು ಹಾಗೇ ಕೂತಿರುತ್ತದೆ.

ಕೆರೆ ಏರಿ:
ಯಡಿಯೂರು, ಸ್ಯಾಂಕಿ, ಹಲಸೂರು, ಹೆಬ್ಬಾಳದಲ್ಲಿ ವಿಸರ್ಜನೆಗೆ ಅಂತಲೇ ಕಲ್ಯಾಣಿ ಮಾಡಿದ್ದಾರೆ. ಬಡಾವಣೆಗೆ ಟ್ಯಾಂಕರ್ ಕಳಿಸುತ್ತಾರೆ. ಇದು ಒಳ್ಳೆಯ ಕೆಲಸ, ಹೊಗಳಲೇಬೇಕು. ಆದರೆ ಮಾರನೇ ದಿನ ಬೆಳಗ್ಗೆ ಹೋಗಿ ನೋಡಿ. ಕೈಕಾಲು ಮುರಿದ ಮೂರ್ತಿಗಳನ್ನು ಜೆಸಿಬಿಯಿಂದ ಎತ್ತಿ ಹಾಕುತ್ತಿರುತ್ತಾರೆ. ಹತ್ತು ದಿನ ಆರತಿ ಎತ್ತಿದ ಗಣಪನನ್ನು ಹಾಗೆ ನೋಡಲು ಆಗುವುದಿಲ್ಲ. ಧರ್ಮೋ ರಕ್ಷತಿಯವರೇ, ಅಪಚಾರ ಆಗುತ್ತಿರುವುದು ಅಲ್ಲಿ.

ಧರ್ಮೋ ರಕ್ಷತಿ:
ಇದಕ್ಕೆ ನನ್ನ ವಿರೋಧ ಇಲ್ಲ. ನಮ್ಮ ಮನೆಯಲ್ಲಿ ಯಾವತ್ತೂ ಮಣ್ಣಿನದ್ದೇ. ನಾನು ಕೇಳಿದ್ದು ಎಲ್ಲರಿಗೂ ಒಂದೇ ನ್ಯಾಯ ಇರಲಿ ಅಂತ.

ಪರ್ಮಿಶನ್ ಪರಮೇಶಿ:
ಅದನ್ನೇ ನಾನೂ ಹೇಳಿದ್ದು.

ಡಿಪೋ ಡ್ರೈವರ್:
ಚೌತಿ ಬಿಡಿ, ಆಯುಧಪೂಜೆ ಮಾರನೇ ದಿನ ರಸ್ತೆ ನೋಡಿದ್ದೀರಾ? ಬೂದುಗುಂಬಳ ಒಡೆದು ಕುಂಕುಮ ಬಳಿದು ನಡುರಸ್ತೆಯಲ್ಲಿ ಬಿಟ್ಟು ಹೋಗುತ್ತಾರೆ. ರಾತ್ರಿ ಅದರ ಮೇಲೆ ಬೈಕ್ ಹತ್ತಿದರೆ ಕಥೆ ಮುಗಿಯಿತು. ಬಸ್ಸಿನ ಮುಂದೆ ಹುಡುಗನೊಬ್ಬ ಜಾರಿ ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಬ್ರೇಕ್ ಹಿಡಿಯಿತು, ದೇವರು ದೊಡ್ಡವನು. ದೃಷ್ಟಿ ತೆಗೆಯುವುದು ಗಾಡಿಗೆ ಒಳ್ಳೆಯದಾಗಲಿ ಅಂತ ತಾನೇ? ಒಡೆದ ಮೇಲೆ ಹೋಳುಗಳನ್ನು ಬದಿಗೆ ಸರಿಸಿ, ಒಂದು ಬಕೆಟ್ ನೀರು ಹಾಕಿ. ಎರಡು ನಿಮಿಷದ ಕೆಲಸ.

ನಮ್ಮ ಡಿಪೋಗಳಲ್ಲಿ ಪೂಜೆಗೆ ಒಂದು ಬಸ್ಸಿಗೆ ನೂರು ರೂಪಾಯಿ ಕೊಡುತ್ತಿದ್ದರು, 2024ರಲ್ಲಿ 250 ಮಾಡಿದರು. ಹೂವಿನ ರೇಟಿಗೆ ಅದು ಸಾಲುವುದಿಲ್ಲ. ನಾವು ಕೈಯಿಂದ ಹಾಕಿ ಬಾಳೆಕಂಬ, ಸೇವಂತಿಗೆ ಹಾರ ತರುತ್ತೇವೆ. ದಿನಾ ಅನ್ನ ಕೊಡುವ ಗಾಡಿ, ಅದಕ್ಕೆ ಲೆಕ್ಕ ಇಡುವುದಿಲ್ಲ.

ಬೆಳ್ಳುಳ್ಳಿ ಒಗ್ಗರಣೆ:
ಬಸ್ ವಿಷಯ ಬಂತು ಅಂತ ಕೇಳುತ್ತೇನೆ. ಹಬ್ಬಕ್ಕೆ ಊರಿಗೆ ಹೋಗಲು ಖಾಸಗಿ ಬಸ್ಸಿನವರು ಎರಡು ಮೂರು ಪಟ್ಟು ಕೇಳುತ್ತಾರೆ. ಪ್ರತಿ ವರ್ಷ ಸಾರಿಗೆ ಇಲಾಖೆ ಎಚ್ಚರಿಕೆ ಕೊಡುತ್ತದೆ, ಪ್ರತಿ ವರ್ಷ ನಾವು ಅಷ್ಟೇ ಕೊಟ್ಟು ಹೋಗುತ್ತೇವೆ. ಇದಕ್ಕೆ ಏನು ಮಾಡುವುದು?

ಡಿಪೋ ಡ್ರೈವರ್:
ಅವರು ಹೇಳುವುದು, ಹೋಗುವಾಗ ತುಂಬಿರುತ್ತದೆ, ಬರುವಾಗ ಖಾಲಿ ಅಂತ. ಆ ಮಾತಲ್ಲಿ ಸ್ವಲ್ಪ ನಿಜ ಇದೆ, ಮೂರು ಪಟ್ಟಿನಷ್ಟು ನಿಜ ಇಲ್ಲ. ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ ಬಿಡುತ್ತದೆ. ಮೊದಲೇ ಬುಕ್ ಮಾಡಿ. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ಗೆ ಬಂದು ನಿಂತರೆ ಕಷ್ಟ.

ನೈಟ್ ಶಿಫ್ಟ್ ಸಿಸ್ಟರ್:
ನಾನು ನರ್ಸ್. ಶಬ್ದದ ಬಗ್ಗೆ ಸ್ಟೇಜ್ ಸೌಂಡ್ ಅವರು ಹೇಳಿದ್ದನ್ನು ಓದಿದೆ. 55ರಲ್ಲಿ ಹರಿಕಥೆ ಕೇಳಿಸುವುದಿಲ್ಲ ಅನ್ನುವುದು ಇರಬಹುದು. ಆದರೆ ನಮ್ಮ ವಾರ್ಡಿನ ಕಿಟಕಿ ಮುಚ್ಚಿದರೂ ಬೇಸ್ ಒಳಗೆ ಬರುತ್ತದೆ. ಆಗ ತಾನೇ ಆಪರೇಷನ್ ಆದವರು ಬೆಚ್ಚಿ ಬೀಳುತ್ತಾರೆ. ಹಸುಗೂಸುಗಳು ಅಳು ನಿಲ್ಲಿಸುವುದಿಲ್ಲ.

ದೀಪಾವಳಿಯಲ್ಲಿ ಇನ್ನೊಂದು ಬಗೆ. 2018ರಲ್ಲೇ ಸುಪ್ರೀಂ ಕೋರ್ಟ್ ರಾತ್ರಿ 8ರಿಂದ 10 ಅಂತ ಸಮಯ ಹೇಳಿದೆ, ಹಸಿರು ಪಟಾಕಿ ಮಾತ್ರ ಅಂತ ಹೇಳಿದೆ. ನಮ್ಮಲ್ಲಿ ಶುರುವಾಗುವುದೇ ಹತ್ತಕ್ಕೆ. ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪ್ರತಿ ದೀಪಾವಳಿಗೆ ಪಟಾಕಿ ಗಾಯಕ್ಕೆ ಅಂತಲೇ ಹಗಲು ರಾತ್ರಿ ಜನ ಇರುತ್ತಾರೆ. ಹಚ್ಚಿದವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಕ್ಕಳೂ ಅಲ್ಲಿಗೆ ಬರುತ್ತಾರೆ. ಹೂಕುಂಡ ಹತ್ತಲಿಲ್ಲ ಅಂತ ಬಗ್ಗಿ ನೋಡಬೇಡಿ. ಇದೊಂದು ಮಾತು ಮನೆಯ ಮಕ್ಕಳಿಗೆ ಹೇಳಿ.

ನ್ಯೂಜೆರ್ಸಿ ನಾಗರಬಾವಿ:
ಇಲ್ಲಿ ನಮ್ಮ ಕನ್ನಡ ಬಳಗದ ಗಣೇಶ ಶಾಲೆಯ ಹಾಲಿನಲ್ಲಿ, ಅದೂ ಹತ್ತಿರದ ಶನಿವಾರ. ಗಂಟೆ ಲೆಕ್ಕದಲ್ಲಿ ಬಾಡಿಗೆ. ಫೈರ್ ಅಲಾರಂ ಇರುವುದರಿಂದ ಕರ್ಪೂರ ಹಚ್ಚುವಂತಿಲ್ಲ, ಬ್ಯಾಟರಿ ದೀಪದಲ್ಲೇ ಮಂಗಳಾರತಿ. ಕೊನೆಗೆ ನಾವೇ ಗುಡಿಸಿ, ಕುರ್ಚಿ ಮಡಚಿಟ್ಟು ಬರುತ್ತೇವೆ. ಅಚ್ಚುಕಟ್ಟು ಇದೆ, ನಿಜ. ಆದರೆ ಬೀದಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಮುಗಿದು ಹೋಗುವ ಆ ಹಬ್ಬ ಇಲ್ಲಿಲ್ಲ. ನೀವು ದಯವಿಟ್ಟು ಬೀದಿಯ ಗಣೇಶನನ್ನು ನಿಲ್ಲಿಸಬೇಡಿ. ಸರಿ ಮಾಡಿಕೊಳ್ಳಿ.

ಸ್ಟೇಜ್ ಸೌಂಡ್:
ಸಿಸ್ಟರ್ ಹೇಳಿದ್ದು ಮನಸ್ಸಿಗೆ ತಟ್ಟಿತು. ಬೇಸ್ ಬಾಕ್ಸ್ ಇಲ್ಲದೆ, ಸಣ್ಣ ಕಾಲಮ್ ಸ್ಪೀಕರ್ ನಾಲ್ಕು ಕಡೆ ಹಂಚಿದರೆ ಕಡಿಮೆ ಶಬ್ದದಲ್ಲೂ ಎಲ್ಲರಿಗೂ ಕೇಳಿಸುತ್ತದೆ. ಮಾತಿಗೆ, ಭಜನೆಗೆ ಅದೇ ಸರಿ. ಬಾಡಿಗೆಯೂ ಕಡಿಮೆ. ಕಮಿಟಿಯವರು ಅಡ್ವಾನ್ಸ್ ಕೊಡುವ ಮೊದಲೇ ಬೀದಿಯವರು ಹೋಗಿ ಮಾತಾಡಿ. ಅಡ್ವಾನ್ಸ್ ಆದ ಮೇಲೆ ಯಾರೂ ಬದಲಾಯಿಸುವುದಿಲ್ಲ.

ಕಮಿಟಿ ಹುಡುಗ:
ಇನ್ನೊಂದು ಗುಟ್ಟು ಹೇಳುತ್ತೇನೆ. ರಸ್ತೆ ಜಾಸ್ತಿ ದಿನ ಮುಚ್ಚುವುದು ಪೂಜೆಯಿಂದಲ್ಲ, ಭಾನುವಾರಕ್ಕೆ ಕಾಯುವುದರಿಂದ. ಗಣಪನನ್ನು ಮೂರನೇ ದಿನಕ್ಕೆ ಅಥವಾ ಐದನೇ ದಿನಕ್ಕೆ ನೀರಿಗೆ ಬಿಡಬಹುದು. ಆರ್ಕೆಸ್ಟ್ರಾದವರ ಡೇಟ್ ಸಿಗಬೇಕು, ಸ್ಪಾನ್ಸರ್ ಬರಬೇಕು ಅಂತ ಮುಂದೆ ಹಾಕುತ್ತಾರೆ. ಬೀದಿಯವರ ದುಡ್ಡಿನಲ್ಲೇ ಮಾಡಿದರೆ ಯಾರಿಗೂ ಕಾಯಬೇಕಾಗಿಲ್ಲ. ಶಾಮಿಯಾನದವರ ಹತ್ತಿರ ಬಿಚ್ಚುವ ದಿನವನ್ನೂ ಮೊದಲೇ ಬರೆಸಿಕೊಳ್ಳಿ. ಬಾಕಿ ಹಣ ಬಿಚ್ಚಿದ ಮೇಲೆ ಕೊಡುತ್ತೇವೆ ಅನ್ನಿ, ಮಾರನೇ ದಿನವೇ ಬರುತ್ತಾರೆ.

ಮೂರನೇ ಕ್ರಾಸ್:
ಎಲ್ಲರಿಗೂ ಥ್ಯಾಂಕ್ಸ್. ಕಮಿಟಿ ಮೀಟಿಂಗ್ ಈ ಭಾನುವಾರ ಸಂಜೆ, ಆಂಜನೇಯನ ಗುಡಿ ಹತ್ತಿರ. ಟೇಪ್ ತೆಗೆದುಕೊಂಡು ಹೋಗಿ ರಸ್ತೆ ಅಳೆದೇ ಮಾತಾಡುತ್ತೇನೆ. ನಮ್ಮ ಕ್ರಾಸಿನ ಮನೆಗಳಿಂದ ಚಂದಾ ಸಂಗ್ರಹಿಸುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ ಅಂತಲೂ ಹೇಳುತ್ತೇನೆ. ಆಗ ಫ್ಲೆಕ್ಸ್ ಬೇಡ ಅನ್ನುವ ಹಕ್ಕು ನಮಗೂ ಇರುತ್ತದೆ.

ಅಪಾರ್ಟ್‌ಮೆಂಟ್ ಅಮ್ಮ:
ಒಬ್ಬರೇ ಹೋಗಬೇಡಿ. ಇಬ್ಬರು ಹೆಂಗಸರನ್ನೂ ಕರೆದುಕೊಂಡು ಹೋಗಿ. ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದಾರೆ, ಯಾರಿಗೆ ಹುಷಾರಿಲ್ಲ ಅಂತ ನಮಗೆ ಗೊತ್ತಿರುತ್ತದೆ.

ಮಣ್ಣಿನ ಮೂರ್ತಿ:
ಮೀಟಿಂಗಿನಲ್ಲಿ ಮೂರ್ತಿಯ ಮಾತೂ ಎತ್ತಿ ಸಾರ್. ಮಣ್ಣಿನದ್ದು ಬೇಕಿದ್ದರೆ ಈ ವಾರವೇ ಆರ್ಡರ್ ಕೊಡಬೇಕು. ಮಳೆ ಹೀಗೇ ಇದ್ದರೆ ದೊಡ್ಡದು ಒಣಗುವುದು ಕಷ್ಟ, ಮೂರು ಅಡಿಯ ಒಳಗಿರಲಿ.